ದೊಡ್ಡಪ್ಪನ ಹೊಟ್ಟೆಯಲ್ಲಿ ಎಡಸುತ್ತು

ನಮ್ಮೂರಿನಲ್ಲಿ ಮಾತು ಹತ್ತು ಹೆಜ್ಜೆಗೆ ಬೀಳುತ್ತದೆ. ಎಷ್ಟೇ ಕೂಗಿಕೊಳ್ಳಿ, ಹತ್ತನೆಯ ಹೆಜ್ಜೆಗೆ ಅದರ ಆಯುಷ್ಯ ಮುಗಿಯಿತು. ಹನ್ನೊಂದರಲ್ಲಿ ನಿಂತವನಿಗೆ ನಿಮ್ಮ ಬಾಯಿ ಆಡುವುದಷ್ಟೇ ಕಾಣುತ್ತದೆ. ನಾಯಿ ಬೊಗಳಿದ್ದು ಊರಾಚೆಗೂ ಹೋಗುತ್ತದೆ, ಗಿರಣಿಯ ಸೀಟಿ ಹೋಗುತ್ತದೆ, ತಾಟು ಬಡಿದ ಸದ್ದು ಹೋಗುತ್ತದೆ. ಮನುಷ್ಯರ ಮಾತು, ನಗು ಮಾತ್ರ ಬೀಳುತ್ತವೆ. ಹಾಗಂತ ನಾವೇನೂ ಗೋಳಾಡುತ್ತ ಕೂತವರಲ್ಲ. ಮಕ್ಕಳನ್ನು ಊಟಕ್ಕೆ ಕರೆಯಲು ಮನೆಗೊಂದು ತಾಟಿನ ಬಡಿತ ಇಟ್ಟುಕೊಂಡಿದ್ದೇವೆ. ತರಕಾರಿಯವಳು ಬದನೆಕಾಯಿ ತಂದ ದಿನ ಕೋಲಿಗೆ ನೀಲಿ ಬಟ್ಟೆ ಕಟ್ಟುತ್ತಾಳೆ, ಮೆಂತ್ಯ ತಂದ ದಿನ ಹಸಿರು. ಜಗಳ ಆಡಬೇಕೆಂದರೆ ಹತ್ತಿರ ಹೋಗಲೇಬೇಕು. ಹತ್ತಿರ ಹೋದ ಮೇಲೆ ಅರ್ಧ ಜಗಳ ನಗೆಯಾಗುತ್ತದೆ, ಉಳಿದರ್ಧ ಕೈಕೈಗೆ ಹತ್ತುತ್ತದೆ. ಹೆಣ್ಣು ನೋಡಲು ಬಂದವರು 'ಹತ್ತು ಹೆಜ್ಜೆಯೊಳಗಿನ ಮನೆತನವೇನು?' ಎಂದು ವಿಚಾರಿಸುತ್ತಾರೆ. ನಂಬಬಹುದೇ ಎಂದು ಅದರರ್ಥ.

ಹತ್ತು ಹೆಜ್ಜೆಯ ಆಚೆಗೆ ಮಾತನ್ನು ದಾಟಿಸುವುದು ಊರಲ್ಲಿ ಒಂದೇ ಒಂದು ಇತ್ತು. ಪಂಚಸಭೆಯ ಕಚೇರಿಯಲ್ಲಿದ್ದ ಹಳೆಯ ಆಂಪ್ಲಿಫೈಯರ್. ಗಾಜಿನ ವಾಲ್ವುಗಳದ್ದು, ಇಬ್ಬರು ಹೊರುವಷ್ಟು ತೂಕದ್ದು, ಸ್ವಿಚ್ ಒತ್ತಿದರೆ ಎದ್ದು ಮೈಮುರಿದು ಕಾವೇರಲು ಒಂದು ಬೀಡಿ ಸೇದುವಷ್ಟು ಹೊತ್ತು ತೆಗೆದುಕೊಳ್ಳುವಂಥದ್ದು. ಊರೆಲ್ಲ ಅದನ್ನು ದೊಡ್ಡಪ್ಪ ಎಂದು ಕರೆಯುತ್ತಿತ್ತು. ಹೊಸ ಕಾಲದ ಹಗುರ ಪೆಟ್ಟಿಗೆಗಳನ್ನು ಮೂರು ಸಲ ತರಿಸಿ ನೋಡಿದ್ದರು. ಅವುಗಳಿಂದ ಹೊರಟ ಮಾತೂ ಹತ್ತು ಹೆಜ್ಜೆಗೇ ಬಿತ್ತು. ದೊಡ್ಡಪ್ಪ ಆಡಿದ್ದು ಮಾತ್ರ ಬಯಲು ದಾಟಿ, ಕಚೇರಿಯ ಕಟ್ಟೆ ದಾಟಿ, ಹುಣಸೆಮರದಾಚೆಗೂ ಹೋಗುತ್ತಿತ್ತು.

ದೊಡ್ಡಪ್ಪನ ಸುತ್ತ ಒಂದು ಕಾಯಿದೆಯೂ ಬೆಳೆದಿತ್ತು. ಪಂಚಸಭೆ ಏನಾದರೂ ಠರಾವು ಮಾಡಿದರೆ, ಅದರ ಮೇಲೆ ತಕರಾರು ಇದ್ದವರು ಗುರುವಾರ ಕಚೇರಿ ಮುಂದಿನ ಬಯಲಿನ ಮೂಡಣ ಕಲ್ಲಿನ ಮೇಲೆ ನಿಂತು ಮೈಕಿನಲ್ಲಿ ಹೇಳಬೇಕು. ಪಡುವಣದ ಕಟ್ಟೆಯ ಮೇಲೆ, ಅರುವತ್ತು ಹೆಜ್ಜೆ ದೂರ, ಸದಸ್ಯರು ಕೂತಿರುತ್ತಾರೆ. ಕೇಳಿಸಿದವರು ಕೈ ಎತ್ತಬೇಕು. ಅರ್ಧಕ್ಕಿಂತ ಹೆಚ್ಚು ಕೈ ಎದ್ದರೆ ದಫ್ತರದಲ್ಲಿ 'ಕೇಳಿಸಿತು' ಎಂದು ಬರೆಯಬೇಕು, ಆಮೇಲೆ ಆ ತಕರಾರಿಗೆ ಉತ್ತರ ಕೊಡದೆ ಠರಾವು ಮುಂದಕ್ಕೆ ಹೋಗುವಂತಿಲ್ಲ. ಕೈ ಏಳದಿದ್ದರೆ 'ಕೇಳಿಸಲಿಲ್ಲ' ಎಂದು ಬರೆದು ಮುಗಿಸುವುದು. ಯಾರ ಹೊಟ್ಟೆಗೆ ಏಟು ಬಿದ್ದಿದೆಯೋ ಅವರೇ ಹೇಳಬೇಕು, ಪರವಾಗಿ ಇನ್ನೊಬ್ಬರು ಹೇಳುವಂತಿಲ್ಲ.

ನೋಡಲು ಎಷ್ಟು ನ್ಯಾಯವಾದ ಕಾಯಿದೆ! ನಾನು ದಫ್ತರಗಳನ್ನು ಓದಿದವಳು. ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ನಮ್ಮದೊಂದು ಓದುವ ಕೂಟ. ಒಬ್ಬರು ಓದುವುದು, ಹತ್ತು ಹೆಜ್ಜೆಯೊಳಗೆ ಹಿಡಿಸುವಷ್ಟು ಜನ ಕೇಳುವುದು. ಅಲ್ಲಿ ನಾವು ಪಂಚಸಭೆಯ ದಫ್ತರಗಳನ್ನೂ ಓದಿದೆವು. ನಲವತ್ತು ವರ್ಷಗಳಲ್ಲಿ ಹೆಂಗಸರು ಹೇಳಿದ ತಕರಾರು ನೂರಾ ಹದಿನೇಳು. ನೂರಾ ಹದಿನೇಳರ ಮುಂದೆಯೂ ಒಂದೇ ಶಬ್ದ: ಕೇಳಿಸಲಿಲ್ಲ. ಕೇಳುವುದು ಅಂದರೆ ನಮ್ಮ ಭಾಷೆಯಲ್ಲಿ ಬೇಡುವುದೂ ಹೌದು, ಕಿವಿಗೊಡುವುದೂ ಹೌದು. ನಾವು ಕೇಳಿದೆವು, ಅವರು ಕೇಳಲಿಲ್ಲ. ಇಷ್ಟೇ ಊರಿನ ಚರಿತ್ರೆ.

ಆ ನೂರಾ ಹದಿನೇಳರಲ್ಲಿ ಒಂದು ನನ್ನ ಅವ್ವನದು. ಆಗ ನನಗೆ ಒಂಬತ್ತು ವರ್ಷ. ಬಣ್ಣಗಾರರ ಓಣಿಗೆ ನಳ ಹಾಕಿಸದೆ ಮೇಲಿನ ಪೇಟೆಗೆ ಎರಡನೆಯ ನಳ ಹಾಕಿಸುವ ಠರಾವಾಗಿತ್ತು. ಅವ್ವ ಎಂಟು ದಿನ ನೂಲಿಗೆ ಬಣ್ಣ ಅದ್ದುತ್ತ ಒಂದೇ ವಾಕ್ಯ ಬಾಯಿಪಾಠ ಮಾಡಿದಳು. 'ನಮ್ಮ ಓಣಿಯವ್ರಿಗೂ ನೀರಡಿಕಿ ಆಗತೈತ್ರಿ.' ಗುರುವಾರ ಕಲ್ಲಿನ ಮೇಲೆ ನಿಂತು ಹೇಳಿದಳು. ಕಟ್ಟೆಯ ಮೇಲೆ ಒಂದೂ ಕೈ ಏಳಲಿಲ್ಲ. ಇಳಿದು ಬಂದ ಅವ್ವ ನನಗೆ ಹೇಳಿದ್ದು, 'ನಂದು ಸಣ್ಣ ದನಿ, ಮಾಯವ್ವ. ಕಟ್ಟಿಗಿ ಮುಟ್ಟೂದಲ್ಲ.' ಆಮೇಲೆ ಅವಳು ಮನೆಯಲ್ಲೂ ಮಾತು ಕಡಿಮೆ ಮಾಡಿದಳು. ಇಪ್ಪತ್ತಮೂರು ವರ್ಷದ ಮೇಲೆ ಓಣಿಗೆ ನಳ ಬಂತು, ಅದೂ ಅಧ್ಯಕ್ಷರ ಅಳಿಯ ಓಣಿಯ ತುದಿಯಲ್ಲಿ ಗೋದಾಮು ಕಟ್ಟಿಸಿದ ಮೇಲೆ. ಅವ್ವ ಕೊಡ ಹಿಡಿದು ಸರದಿಯಲ್ಲಿ ನಿಂತಳು, ತುಂಬಿಸಿಕೊಂಡು ಬಂದಳು, ಏನೂ ಅನ್ನಲಿಲ್ಲ. ಐದು ವರ್ಷದಲ್ಲಿ ಹಾಗೆಯೇ ಹೋದಳು. ನನ್ನದೂ ಸಣ್ಣ ದನಿಯೆಂದೇ ನಾನು ಕರಪತ್ರ ಬರೆಯಲು ಕಲಿತದ್ದು.

ಈಗ ನೂರಾ ಹದಿನೆಂಟನೆಯ ತಕರಾರಿನ ಕತೆ. ಓಣಿಯ ಹೆಂಗಸರು ಬಣ್ಣದ ನೂಲು ಒಣಗಿಸುವ ಬಯಲನ್ನು ಪಂಚಸಭೆ ಯಾರದೋ ಶೀತಲ ಉಗ್ರಾಣಕ್ಕೆ ಬರೆದುಕೊಡುವ ಠರಾವು ಮಾಡಿತು. ಆ ಬಯಲು ಹೋದರೆ ನೂಲು ಒಣಗುವುದಿಲ್ಲ. ನೂಲು ಒಣಗದಿದ್ದರೆ ಐವತ್ತು ಮನೆಯ ಒಲೆ ಉರಿಯುವುದಿಲ್ಲ. ತಕರಾರು ಹೇಳಲು ಹುಲಿಗೆವ್ವ ನಿಂತಳು. ಓಣಿಯಲ್ಲಿ ಅತ್ಯಂತ ಚುರುಕು ನಾಲಿಗೆ ಅವಳದು. ಹತ್ತು ಹೆಜ್ಜೆಯೊಳಗೆ ಅವಳಿಗೆ ಸಿಕ್ಕ ಗಂಡಸು ಹನ್ನೊಂದನೆಯ ಹೆಜ್ಜೆಗೆ ಓಡುತ್ತಾನೆ ಎಂಬ ಮಾತಿತ್ತು. ಗುರುವಾರಕ್ಕೆ ಒಂಬತ್ತು ದಿನ ಇರುವಾಗ ದೊಡ್ಡಪ್ಪ ಹೊಗೆಬಿಟ್ಟು ಸತ್ತ.

ಅಧ್ಯಕ್ಷ ಅಪ್ಪಾಸಾಹೇಬರಿಗೆ ಹಾಲು ಕುಡಿದಷ್ಟು ಸಂತೋಷ. 'ಯಂತ್ರ ಇಲ್ಲಂದ್ರ ಹೇಳೂದಿಲ್ಲ, ಹೇಳೂದಿಲ್ಲಂದ್ರ ತಕರಾರಿಲ್ಲ,' ಎಂದರು. ನಾವು ಹಟ ಹಿಡಿದೆವು. ರಿಪೇರಿ ಮಾಡಿಸುವ ಹಕ್ಕು ತಕರಾರಿನವರಿಗೂ ಇದೆ ಎಂದು ದಫ್ತರದಿಂದಲೇ ಓದಿ ತೋರಿಸಿದೆ. 'ಯಾರ ಕಡೆ ಒಯ್ತೀರಿ?' ಎಂದರು. 'ಕಾಶೀಂಬಿ ಕಡೆ' ಅಂದಾಗ ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. 'ಮೋಟರ್ ಸುತ್ತೋ ಮುದುಕಿ! ಒಯ್ರಿ ಒಯ್ರಿ. ಸತ್ತವನ್ನ ಎಬ್ಬಿಸಿದ್ರ ನಾನೇ ಬಂದು ಹಾರ ಹಾಕ್ತೀನಿ.'

ಕಾಶೀಂಬಿಗೆ ಆಗ ಅರವತ್ತೆರಡು. ಗಿರಣಿಯ ಹಿಂದೆ ತಗಡಿನ ಚಪ್ಪರದಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಅವಳ ಕಸುಬು. ಜೊತೆಗೆ ಹಳೆಯ ರೇಡಿಯೊ, ಫ್ಯಾನು. ನಾವೆಲ್ಲ ಕಾಶವ್ವ ಎನ್ನುತ್ತಿದ್ದೆವು. ಪಂಚಸಭೆಯ ಜವಾನ ಗುರುಪಾದಪ್ಪ ದೊಡ್ಡಪ್ಪನಿಗೆ ಕಂಬಳಿ ಹೊದಿಸಿ, ತಳ್ಳುಗಾಡಿಯಲ್ಲಿ, ರೋಗಿಯನ್ನು ತರುವ ಹಾಗೆ ತಂದ. ಮೂವತ್ತೈದು ವರ್ಷದಿಂದ ಯಂತ್ರದ ಧೂಳು ಒರೆಸಿದವನೂ ಅವನೇ, ದಫ್ತರದಲ್ಲಿ 'ಕೇಳಿಸಲಿಲ್ಲ' ಎಂದು ಬರೆದವನೂ ಅವನೇ.

'ಕಾಶವ್ವ, ಉಳೀತಾನೇನ ಇಂವ?' ಎಂದು ಕೇಳಿದ.

'ಮೊದ್ಲ ಮೈ ಮುಟ್ಟಿ ನೋಡೂಣು ತಡಿ. ನೀ ಯಾಕ ಹೆಣದ ಮುಂದ ಕೂತಂಗ ಕೂತಿ?'

ಅವಳು ತಳದ ತಗಡು ಬಿಚ್ಚಿದಳು. ನಾನು ಬಗ್ಗಿ ಬೆರಳು ಚಾಚಿದೆ. ಅವಳು ನನ್ನ ಕೈಗೆ ಪಟ್ಟನೆ ಹೊಡೆದಳು. 'ಸತ್ತೈತಂತ ಕೈ ಹಾಕಬ್ಯಾಡ. ಈ ದೊಡ್ಡ ಕಂಡೆನ್ಸರ್ ಅದಾವಲ್ಲ, ಇವು ಬಡವರ ಸಿಟ್ಟಿದ್ದಂಗ. ಸ್ವಿಚ್ ತೆಗದು ದಿನ ಆದ್ರೂ ಒಳಗ ಇರತೈತಿ.' ಸ್ಕ್ರೂಡ್ರೈವರಿನ ತುದಿಯನ್ನು ಅಡ್ಡ ಇಟ್ಟಳು. ಫಟ್ ಎಂದು ನೀಲಿ ಕಿಡಿ ಹಾರಿತು. ಗುರುಪಾದಪ್ಪ ಎರಡು ಹೆಜ್ಜೆ ಹಿಂದೆ ಹಾರಿದ.

ಕಾಶವ್ವ ಎಡಚಿ. ಕೆಲಸ ಮಾಡುವಾಗ ಬಲಗೈಯನ್ನು ಬೆನ್ನ ಹಿಂದೆ ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದಳು. ಎರಡೂ ಕೈ ಒಳಗಿಟ್ಟರೆ ಕರೆಂಟು ಒಂದು ಕೈಯಿಂದ ಹೊಕ್ಕು ಎದೆ ದಾಟಿ ಇನ್ನೊಂದರಿಂದ ಹೊರಡುತ್ತದಂತೆ. 'ಒಂದ ಕೈ ಇಟ್ರ ಬರೇ ಜಿಮ್ ಅಂತೈತಿ. ಎರಡಿಟ್ರ ನನ್ನ ಸೀರಿ ನೀ ಉಟ್ಕೋಬೇಕಾಗತೈತಿ.' ರೋಗ ಹಿಡಿಯಲು ಅವಳಿಗೆ ಅರ್ಧ ತಾಸು ಸಾಕಾಯಿತು. ವರ್ಷಗಳಿಂದ ಒಣಗಿದ್ದ ಕಂಡೆನ್ಸರ್ ಒಂದು ಒಳಗೇ ಶಾರ್ಟ್ ಆಗಿತ್ತು. ಅದು ಎಳೆದ ಎಳೆತಕ್ಕೆ ಟ್ರಾನ್ಸ್‌ಫಾರ್ಮರಿನ ಸುತ್ತು ಸುಟ್ಟುಹೋಗಿತ್ತು. ಅಂಥ ಟ್ರಾನ್ಸ್‌ಫಾರ್ಮರ್ ಈಗ ಎಲ್ಲಿಯೂ ಮಾಡುವುದಿಲ್ಲ. 'ಮಾಡೂದಿಲ್ಲಂದ್ರ ನಾ ಯಾಕದೀನಿ?' ಎಂದಳು.

ಆಮೇಲಿನ ಐದು ದಿನ ನಾನು ಕಂಡದ್ದನ್ನು ಬರೆಯಲು ಕರಪತ್ರದ ಭಾಷೆ ಸಾಲದು. ಅವಳು ಸುಟ್ಟ ತಂತಿಯನ್ನು ಒಂದೊಂದೇ ಸುತ್ತಾಗಿ ಬಿಚ್ಚಿ ಎಣಿಸಿದಳು. ಕೂದಲಿನಷ್ಟು ತೆಳ್ಳಗಿನ ತಂತಿ. ಎಣಿಸುವಾಗ ಯಾರೂ ಉಸಿರು ಬಿಡುವಂತಿಲ್ಲ. ಗುರುಪಾದಪ್ಪ ಒಮ್ಮೆ ಸೀನಿದ್ದಕ್ಕೆ ಅವನನ್ನು ಹನ್ನೊಂದನೆಯ ಹೆಜ್ಜೆಗೆ ಓಡಿಸಿದಳು. ಕೆಳಸುತ್ತು ಒಂಬೈನೂರಾ ಇಪ್ಪತ್ತು, ಮೇಲುಸುತ್ತು ಎರಡು ಸಾವಿರದ ಎಂಟುನೂರು. ಅಷ್ಟನ್ನೂ ಹೊಸ ತಾಮ್ರದ ತಂತಿಯಿಂದ, ಪದರಕ್ಕೊಂದು ಕಾಗದ ಹಾಕುತ್ತ, ಕೈಯಿಂದಲೇ ಸುತ್ತಿದಳು. ತಂತಿಯ ಪಕ್ಕ ತಂತಿ, ಮಲಗಿಸಿದ ಮಕ್ಕಳ ಹಾಗೆ. ಒಂದರ ಮೇಲೊಂದು ಏರಿದರೆ ಬಿಚ್ಚಿ ಮತ್ತೆ. ಇಂಥ ಕೈಗಳಿಗೆ ನಮ್ಮೂರು ಒಂದು ಕುರ್ಚಿ ಕೊಡಲಿಲ್ಲ, ಒಂದು ಶಾಲು ಹೊದಿಸಲಿಲ್ಲ. ಭಾಷಣ ಮಾಡಿದವರಿಗೆಲ್ಲ ಹೊದಿಸಿತು. ಭಾಷಣ ದಾಟಿಸಿದ ತಂತಿ ಸುತ್ತಿದವಳು ತಗಡಿನ ಕೆಳಗೆ ಬೆವರು ಒರೆಸಿಕೊಂಡಳು.

ಹೊಸ ಕಂಡೆನ್ಸರುಗಳನ್ನು ಕೂರಿಸುವಾಗ ಅವಳ ಒಂದು ರೀತಿ ನೋಡಿದೆ. ಕಾಲಿನ ತಂತಿಯನ್ನು ಮೊಳೆಗೆ ಎಡಕ್ಕೆ ಮೂರು ಸುತ್ತು ಸುತ್ತಿ, ಆಮೇಲೆ ಬೆಸುಗೆ ಹಾಕುತ್ತಿದ್ದಳು. ಉಳಿದ ಹಳೆಯ ಬೆಸುಗೆಗಳಲ್ಲಿ ಸುತ್ತು ಬಲಕ್ಕೆ, ಅದೂ ಒಂದೇ. 'ಮೂರು ಯಾಕ ಕಾಶವ್ವ?' ಎಂದೆ. 'ಒಂದು ಹಿಡೀಲಿಕ್ಕೆ, ಒಂದು ಬಿಡದಿರಲಿಕ್ಕೆ, ಒಂದು ನಂದು ಅಂತ ಹೇಳಲಿಕ್ಕೆ,' ಎಂದು ನಕ್ಕಳು.

ಮಂಗಳವಾರ ದೊಡ್ಡಪ್ಪ ಎದ್ದ. ಮೊದಲು ಒಂದು ಬಲ್ಬನ್ನು ನಡುವೆ ಜೋಡಿಸಿ ಕರೆಂಟು ಕೊಟ್ಟಳು. ಒಳಗೆ ಕೇಡಿದ್ದರೆ ಬಲ್ಬು ಉರಿಯುತ್ತದೆ, ಇಲ್ಲದಿದ್ದರೆ ಮಂಕಾಗುತ್ತದೆ. ಒಮ್ಮೆ ಫಕ್ಕನೆ ಉರಿದು ನಿಧಾನ ಮಂಕಾಯಿತು. ವಾಲ್ವುಗಳ ಹೊಟ್ಟೆಯಲ್ಲಿ ಕೆಂಡದ ಎಳೆ ಮೂಡಿತು. ಹಾರ್ನನ್ನು ಅಂಗಳದಾಚೆಯ ಬೇವಿನ ಮರದತ್ತ ತಿರುಗಿಸಿದೆವು. ಗುರುಪಾದಪ್ಪ ಮೈಕು ಹಿಡಿದು 'ಸಭೆಗೆ ನಮಸ್ಕಾರ' ಎಂದ. ಬೇವಿನ ಮರದ ಕೆಳಗೆ ನಿಂತಿದ್ದ ಹುಲಿಗೆವ್ವ ಎರಡೂ ಕೈ ಎತ್ತಿ ಕುಣಿದಳು. ನಾನು ಮೈಕು ತೆಗೆದುಕೊಂಡು 'ಹುಲಿಗೆವ್ವ, ನಾನು ಮಾಯವ್ವ' ಎಂದೆ. ಹುಲಿಗೆವ್ವ ಕಿವಿಗೆ ಕೈಯಿಟ್ಟು ತಲೆ ಅಲ್ಲಾಡಿಸಿದಳು. ನನ್ನ ದನಿ ಕೌದಿಯೊಳಗೆ ಮುಖ ಹುದುಗಿಸಿ ಆಡಿದ ಹಾಗೆ ಗುಮ್ಮನೆ ಹೋಗಿತ್ತು, ಸದ್ದಿತ್ತು, ಮಾತಿರಲಿಲ್ಲ.

'ನಂದು ಸಣ್ಣ ದನಿ ಬಿಡವ್ವ,' ಎಂದೆ.

ಕಾಶವ್ವ ತಿರುಗಿ ನೋಡಿದಳು. 'ಯಾರು ಅಂದ್ರು?'

'ಎಲ್ಲಾರೂ ಅಂತಾರ. ನಮ್ಮವ್ವನ್ನೂ ಅಂದ್ರು.'

'ಯಂತ್ರಕ್ಕ ಗಂಡು ಹೆಣ್ಣು ಗೊತ್ತಾಗೂದಿಲ್ಲ, ಹುಚ್ಚಿ. ಯಾರರ ಕಲಿಸಿದ್ರ ಮಾತ್ರ ಗೊತ್ತಾಗತೈತಿ.'

ಮುಚ್ಚಳದ ಒಳಗೆ ಯಂತ್ರದ ತಂತಿ ಜೋಡಣೆಯ ಹಳದಿಗಟ್ಟಿದ ಒಂದು ನಕಾಶೆ ಅಂಟಿಸಿತ್ತು. ಅವಳು ಅದರಲ್ಲಿದ್ದ ಸಾಮಾನು ಎಣಿಸಿದಳು, ಆಮೇಲೆ ಪೆಟ್ಟಿಗೆಯಲ್ಲಿದ್ದವನ್ನು ಎಣಿಸಿದಳು. ನಕಾಶೆಯಲ್ಲಿ ಮೂವತ್ತೊಂದು, ಪೆಟ್ಟಿಗೆಯಲ್ಲಿ ಮೂವತ್ತೆರಡು. ಮತ್ತೊಮ್ಮೆ ಎಣಿಸಿದಳು. ಎರಡನೆಯ ವಾಲ್ವಿನ ಬುಡದಲ್ಲಿ, ತಂತಿಗಳ ಗೊಂಚಲಿನ ಹಿಂದೆ, ಬೆರಳುದ್ದದ ಒಂದು ಕಂದು ಕಂಡೆನ್ಸರ್ ಅಡಗಿ ಕೂತಿತ್ತು. ಅವಳು ಬಗ್ಗಿ ಅದರ ಕಾಲುಗಳನ್ನು ನೋಡಿದಳು. 'ಮಾಯವ್ವ, ಹೋಗಿ ಚಾ ತಗೊಂಡ ಬಾ,' ಎಂದಳು. 'ಗುರುಪಾದಪ್ಪ, ನೀನೂ ಹೋಗು.'

ಚಾ ತಂದಾಗ ಅವಳು ಹಾಗೆಯೇ ಕೂತಿದ್ದಳು. ನಾನು ಬಗ್ಗಿ ನೋಡಿದೆ. ಕಂದು ಕಂಡೆನ್ಸರಿನ ಎರಡೂ ಕಾಲುಗಳಲ್ಲಿ ಎಡಕ್ಕೆ ಮೂರು ಸುತ್ತು.

ಅವಳೇ ಹೇಳಿದಳು.

'ನಂದ ಕೈ ಅದು. ನಲವತ್ತೊಂದು ವರ್ಷ ಆತು. ನಾ ಆಗ ಮದಿವ್ಯಾಗಿ ಹೊಸದಾಗಿ ಬಂದು, ಕಸುಬು ಕಲಿಸಿದ ಉಸ್ತಾದನ ಅಂಗಡ್ಯಾಗ ಕಾಯಿಲ್ ಸುತ್ತತಿದ್ದೆ. ಪಂಚಸಭೆಯಿಂದ ಯಂತ್ರ ಬಂತು, ಸಂಗಾಟ ಒಂದು ಚೀಟಿ. ಕೀರಲು ದನಿ ತೆಗೀಬೇಕು, ಅಷ್ಟ ಬರೆದಿದ್ರು. ಮೈಕಿನ ತಂತಿ ಹಾರ್ನಿನ ತಂತಿ ಒಂದಕ್ಕೊಂದು ತಾಗಿ ಯಂತ್ರ ಒಮ್ಮೊಮ್ಮೆ ಕೀ ಅಂತಿತ್ತು. ಆ ಎರಡು ತಂತಿ ಗೇಣು ದೂರ ಸರಿಸಿದ್ರ ಮುಗೀತಿತ್ತು. ಉಸ್ತಾದಗ ಅವಸರ. ಇದನ್ನ ಇಲ್ಲಿ ಹಚ್ಚಿಬಿಡು ಅಂದ. ಹಚ್ಚಿದೆ. ಇದು ಸಣ್ಣ ದನಿ ಎಲ್ಲಾ ನೆಲಕ್ಕ ಇಳಿಸಿಬಿಡತೈತಿ. ದಪ್ಪ ದನಿ ಅಷ್ಟ ಬಿಡತೈತಿ. ಕೀ ಅನ್ನೂದು ನಿಂತಿತು. ನನಗ ಶಾಬಾಸ್ ಅಂದ.'

ಕೀರಲು ದನಿ. ನನ್ನ ಕಿವಿಯಲ್ಲಿ ಆ ಶಬ್ದ ಕುದಿಯಿತು. ನಮ್ಮೂರಿನಲ್ಲಿ ಕೆಟ್ಟ ಯಂತ್ರವೂ ಕೀರುತ್ತದೆ, ಎದುರು ಮಾತಾಡಿದ ಹೆಂಗಸೂ ಕೀರುತ್ತಾಳೆ. ಚೀಟಿ ಬರೆದವರು ಯಾವುದನ್ನು ತೆಗೆಯಲು ಹೇಳಿದ್ದರು? ಉಸ್ತಾದ ಸತ್ತಿದ್ದಾನೆ, ಚೀಟಿ ಇಲ್ಲ. ಆದರೆ ನಲವತ್ತು ವರ್ಷ ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬರಿಗೂ 'ಈ ಹೆಂಗಸರ ಮಾತು ಯಾಕೆ ಬರುವುದಿಲ್ಲ' ಎಂದು ತಗಡು ಬಿಚ್ಚಿಸಿ ನೋಡಬೇಕು ಅನಿಸಲಿಲ್ಲ. ಅದಕ್ಕೆ ಚೀಟಿ ಬೇಕಿಲ್ಲ.

'ನೀವೂ ಒಮ್ಮೆ ಕಲ್ಲಿನ ಮ್ಯಾಲೆ ನಿಂತಿದ್ದಿರಲ್ಲ,' ಎಂದೆ. ದಫ್ತರದಲ್ಲಿ ಅವಳ ಹೆಸರೂ ಇತ್ತು.

'ನಿಂತಿದ್ದೆ. ಕೇಳಿಸಲಿಲ್ಲ ಅಂತ ಬರಕೊಂಡ್ರು. ನನ್ನ ದನೀನೂ ಸಣ್ಣದು ಅನಕೊಂಡೆ. ನಾನ ಕಟ್ಟಿದ ಗೋಡಿಗೆ ನಾನ ಹಣಿ ಬಡಕೊಂಡೆ, ಗೋಡಿ ಕಾಣಲಿಲ್ಲ.'

ನನ್ನವ್ವನ ಮುಖ ಕಣ್ಣೆದುರು ಬಂತು, ಸರದಿಯಲ್ಲಿ ಕೊಡ ಹಿಡಿದು ಬಾಯಿ ಮುಚ್ಚಿ ನಿಂತದ್ದು. ಚಾದ ಲೋಟ ಅಲ್ಲೇ ಇಟ್ಟು ಎದ್ದು ಬಂದೆ. ಹಿಂದಿನಿಂದ ಅವಳು ಏನೋ ಅಂದಳು. ನಾನು ಹತ್ತು ಹೆಜ್ಜೆ ದಾಟಿದ್ದೆ.

ಬುಧವಾರ ಬೆಳಿಗ್ಗೆ ಕರಪತ್ರ ಬರೆಯಲು ಕೂತೆ. ಪಂಚಸಭೆಯನ್ನು ಹರಿದು ತೂರಿದೆ. ಕಾಶವ್ವನ ಹೆಸರು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಹೊಟ್ಟೆಯಲ್ಲಿ ಇದ್ದದ್ದು ಅವಳ ಮೇಲಿನ ಸಿಟ್ಟೋ, ಸಿಟ್ಟಿಗೆ ಬೇರೆ ಯಾರೂ ಹತ್ತು ಹೆಜ್ಜೆಯೊಳಗೆ ಸಿಗುವುದಿಲ್ಲವೆಂಬ ಹತಾಶೆಯೋ ತಿಳಿಯಲಿಲ್ಲ. ಕೊನೆಗೆ ಕಾಗದ ಮಡಚಿಟ್ಟು ಚಪ್ಪರಕ್ಕೆ ಹೋದೆ. ಅವಳು ರಾತ್ರೋರಾತ್ರಿ ಅದನ್ನು ಕಿತ್ತು ಬಿಸಾಕಿರುತ್ತಾಳೆ, ಏನೂ ಆಗಿಲ್ಲವೆಂಬಂತೆ ಇರುತ್ತಾಳೆ ಎಂದುಕೊಂಡಿದ್ದೆ.

ಕಂದು ಕಂಡೆನ್ಸರ್ ಅಲ್ಲೇ ಇತ್ತು. ಬೆಸುಗೆ ಕಡ್ಡಿ ಕಾದಿತ್ತು. ಮೈಕಿನ ತಂತಿಯನ್ನೂ ಹಾರ್ನಿನ ತಂತಿಯನ್ನೂ ಗೇಣು ದೂರ ಸರಿಸಿ ಕಟ್ಟಿದ್ದಳು. ವಾಲ್ವುಗಳಿಗೆ ಕಾವು ಕೊಡುವ ತಂತಿಗಳನ್ನು ಗುಂಯ್ ಎನ್ನದಂತೆ ಹುಡುಗಿಯ ಜಡೆಯ ಹಾಗೆ ಹೆಣೆದಿದ್ದಳು.

'ತೆಗದಿಲ್ಲೇನು?' ಎಂದೆ.

'ಹಚ್ಚಿದ ಕೈ ತೆಗದ್ರ ಮುಚ್ಚಿಟ್ಟಂಗ ಆಗತೈತಿ, ಯವ್ವಾ. ಕಂಡವರು ತೆಗೀಬೇಕು. ಬಾ, ಬಲಗೈ ಬೆನ್ನ ಹಿಂದ ಇಟ್ಕೊ.'

'ನಾ ಎಡಚಿ ಅಲ್ಲ.'

'ಹಂಗಾದ್ರ ಎಡಗೈ ಇಟ್ಕೊ. ಅಡ್ಡಿಲ್ಲ, ಅಷ್ಟರ ಮಟ್ಟಿಗೆ ಬಲಗೈಯವರನ್ನೂ ಸೇರಿಸ್ಕೊಳ್ತೀನಿ.'

ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಕಡ್ಡಿ ತಾಗಿಸಿದೆ. ಬೆಸುಗೆ ಬೆಳ್ಳಗೆ ಹೊಳೆದು ಕರಗಿತು. ಮೂರು ಸುತ್ತನ್ನು ಒಂದೊಂದಾಗಿ ಬಿಚ್ಚಿದೆ. ಎಷ್ಟು ಗಟ್ಟಿ ಸುತ್ತಿದ್ದಳು! ನಲವತ್ತೊಂದು ವರ್ಷ ಅಲ್ಲಾಡದ ಕೆಲಸ. ಅದನ್ನು ಮೆಚ್ಚದೆ ಇರಲಾಗಲಿಲ್ಲ, ಅದೇ ನನಗೆ ಕಷ್ಟವಾಗಿದ್ದು. ಕಂಡೆನ್ಸರ್ ಅಂಗೈಗೆ ಬಿತ್ತು. ಹುಣಸೆಬೀಜ ನಾಲ್ಕನ್ನು ಜೋಡಿಸಿದಷ್ಟು ತೂಕ. ಇಷ್ಟರಲ್ಲಿ ನೂರಾ ಹದಿನೇಳು ಹೆಂಗಸರು.

'ನನ್ನ ಹೆಸರೂ ಬರಿ ಕರಪತ್ರದಾಗ,' ಎಂದಳು ಕಾಶವ್ವ. 'ಬರೇ ಅವರದ ಬರೆದ್ರ ಅರ್ಧ ಸುಳ್ಳಾಗತೈತಿ. ಅರ್ಧ ಸುಳ್ಳು ಹಿಡ್ಕೊಂಡು ಅವರು ಪೂರ್ತಿ ತಪ್ಪಿಸ್ಕೊಳ್ತಾರ.'

ಓದುವ ಕೂಟದಲ್ಲಿ ಹತ್ತು ವರ್ಷ ಕೂತು ನಾನು ಕಲಿಯದ ಪಾಠ ಅದು.

ಗುರುವಾರ ಬಯಲು ತುಂಬಿತ್ತು. ದೊಡ್ಡಪ್ಪನನ್ನು ಮೂಡಣ ಕಲ್ಲಿನ ಪಕ್ಕ ಇಟ್ಟು ಕಾವೇರಿಸಿದೆವು. ಪದ್ಧತಿಯಂತೆ ಮೊದಲ ಮಾತು ಅಧ್ಯಕ್ಷರದು. ಅಪ್ಪಾಸಾಹೇಬರು ಬಂದು ಮೈಕಿನ ಮುಂದೆ ಗಂಟಲು ಸರಿಪಡಿಸಿಕೊಂಡರು. ಇಪ್ಪತ್ತು ವರ್ಷ ಅವರ ದನಿ ಗುಡುಗಿನ ಹಾಗೆ ಬಯಲಲ್ಲಿ ಉರುಳಿದ್ದನ್ನು ಕೇಳಿದ ಊರು ಅದು. 'ಮಹಾಜನರೇ' ಎಂದರು. ಹಾರ್ನಿನಿಂದ ಹೊರಟದ್ದು ಮೂಗಿನಲ್ಲಿ ಸೀಟಿ ಸೇರಿದ, ನಡುನಡುವೆ ಕಟ್ಟಿಸಿದ ಹಲ್ಲಿನ ಸಪ್ಪಳದ, ಸಾದಾ ಮುದುಕನ ದನಿ. ಅವರದೇ ನಿಜವಾದ ದನಿ. ಅಧ್ಯಕ್ಷರು ಬೆಚ್ಚಿ ಹಾರ್ನಿನತ್ತ ನೋಡಿದರು. ನನ್ನ ಹತ್ತಿರವೇ ಒಬ್ಬಳು ಕಿಸಕ್ಕನೆ ನಕ್ಕಳು. ಅವರು ಎರಡು ವಾಕ್ಯಕ್ಕೆ ಮುಗಿಸಿ ಕಟ್ಟೆಗೆ ಹೋಗಿ ಕೂತರು. ಹಾರದ ಮಾತು ಯಾರೂ ಎತ್ತಲಿಲ್ಲ.

ಯಂತ್ರ ರಿಪೇರಿ ಮಾಡಿದವರು ಹಲೋ ಎಂದು ಪರೀಕ್ಷಿಸಿ ತೋರಿಸಬೇಕು, ಅದೂ ಪದ್ಧತಿ. ಕಾಶವ್ವ ಕಲ್ಲು ಹತ್ತಿದಳು. ಸೆರಗು ಸರಿಮಾಡಿಕೊಂಡು, ಬಲಗೈಯನ್ನು ರೂಢಿಯಂತೆ ಬೆನ್ನ ಹಿಂದೆ ಇಟ್ಟುಕೊಂಡು, ಮೈಕಿನ ಹತ್ತಿರ ಬಂದಳು.

'ಹಲೋ. ನಾ ಕಾಶೀಂಬಿ. ನಿಮ್ಮ ದನಿ ಸಣ್ಣದಲ್ಲ ಅಂತ ಹೇಳಾಕ ಬಂದೀನಿ. ಈ ಯಂತ್ರದ ಹೊಟ್ಯಾಗ ಸಣ್ಣ ದನಿ ತಿನ್ನೂದೊಂದು ಸಾಮಾನಿತ್ತು. ಹಚ್ಚಿಸಿದವರು ಕಟ್ಟಿ ಮ್ಯಾಲಿನವರು. ಹಚ್ಚಿದಾಕಿ ನಾನು. ನಲವತ್ತೊಂದು ವರ್ಷ ಅದು ನಿಮ್ಮ ಮಾತು ತಿಂತು. ಕೆಲವರು ಕಾದು ಕಾದು ಹೋದ್ರು, ಅವರಿಗೆ ನಾ ಏನ ಹೇಳ್ಲಿ? ನಿಮಗ ಹೇಳತೀನಿ, ತಪ್ಪಾತು.'

ಅರುವತ್ತು ಹೆಜ್ಜೆಯಾಚೆ ಒಬ್ಬ ಹೆಂಗಸಿನ ದನಿ ಹೋಗಿ, ಕಟ್ಟೆಗೆ ತಾಗಿ, ಹಿಂತಿರುಗಿ ಬಂದದ್ದನ್ನು ನಾವು ಮೊದಲ ಸಲ ಕೇಳಿದೆವು. ಹಿಂದಿನ ಸಾಲಿನಲ್ಲಿ ಯಾರೋ ಮುದುಕಿಯೊಬ್ಬಳು ಕೈ ಎತ್ತಿದಳು. ಆಮೇಲೆ ಹತ್ತು, ಆಮೇಲೆ ಎಣಿಸಲಾಗದಷ್ಟು. ಆದರೆ ದಫ್ತರಕ್ಕೆ ಬರುವುದು ಕಟ್ಟೆಯ ಮೇಲಿನ ಕೈಗಳು ಮಾತ್ರ.

ಹುಲಿಗೆವ್ವ ಕಲ್ಲು ಹತ್ತಿದಳು. ನೂಲಿನ ಮಾತು, ಬಿಸಿಲಿನ ಮಾತು, ಐವತ್ತು ಮನೆಯ ಮಾತು, ಒಂದೊಂದನ್ನೂ ಬಿಡಿಸಿ ಹೇಳಿದಳು. ಬಣ್ಣದಿಂದ ನೀಲಿಗಟ್ಟಿದ ತನ್ನ ಉಗುರುಗಳನ್ನು ಎತ್ತಿ ತೋರಿಸಿ, 'ನೂಲು ಒಣಗಿಸೂ ಬಯಲು ಹೋದ್ರ ಈ ನೀಲಿ ಒಂದ ಉಳಿತೈತ್ರಿ ನಮಗ, ಅದನ್ನ ನೆಕ್ಕಿ ಬಾಳ್ವೆ ಮಾಡಾಕಾಗೂದಿಲ್ಲ' ಎಂದಳು. ಕಟ್ಟೆಯ ಮೇಲೆ ಹನ್ನೊಂದು ಜನ ಕೂತಿದ್ದರು. ಅಪ್ಪಾಸಾಹೇಬರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಏನೂ ಕೇಳಿಸದವರ ಹಾಗೆ ಹುಣಸೆಮರ ನೋಡಿದರು. ಉಳಿದ ಹತ್ತು ಮಂದಿಯೂ ಹುಣಸೆಮರ ನೋಡಿದರು. ಒಂದೂ ಕೈ ಏಳಲಿಲ್ಲ. ಗುರುಪಾದಪ್ಪ ದಫ್ತರ ತೆರೆದು, ಲೆಕ್ಕಣಿಕೆಯ ತುದಿಯನ್ನು ಕಾಗದಕ್ಕೆ ತಾಗಿಸದೆ ಹಿಡಿದು ಕೂತಿದ್ದ.

ಯಂತ್ರದೊಳಗಿನ ಕಂಡೆನ್ಸರ್ ತೆಗೆದಿದ್ದೆವು. ಕಿವಿಯೊಳಗಿನದನ್ನು ತೆಗೆಯಲು ಯಾವ ಕಡ್ಡಿ ಕಾಯಿಸುವುದು?

ಹುಲಿಗೆವ್ವ ಮೈಕಿಗೆ ಬಾಯಿ ಹತ್ತಿರ ತಂದು, ಮೆತ್ತಗೆ, ಗುಟ್ಟು ಹೇಳುವವಳ ಹಾಗೆ ಹೇಳಿದಳು.

'ಅಧ್ಯಕ್ಷರಾ, ಅಲ್ಲಾಡಬ್ಯಾಡ್ರಿ. ನಿಮ್ಮ ಧೋತರದಾಗ ಚೇಳು ಹೊಕ್ಕೈತಿ.'

ಅಪ್ಪಾಸಾಹೇಬರು ಕುರ್ಚಿಯಿಂದ ಹಾರಿದ ಹಾರಾಟವನ್ನು ಊರು ಇವತ್ತಿಗೂ ಮಕ್ಕಳಿಗೆ ಕುಣಿದು ತೋರಿಸುತ್ತದೆ. ಎರಡೂ ಕೈ ಆಕಾಶಕ್ಕೆ ಎತ್ತಿ, ಧೋತರ ಜಾಡಿಸುತ್ತ, ಕಟ್ಟೆಯ ತುದಿಯವರೆಗೆ ಜಿಗಿದರು. ಪಕ್ಕದವರು ತಮ್ಮ ಧೋತರಕ್ಕೂ ಬಂದೀತೆಂದು ಎದ್ದು ಕೈ ಎತ್ತಿ ಕುಣಿದರು. ಹನ್ನೊಂದು ಜನ, ಇಪ್ಪತ್ತೆರಡು ಕೈ.

'ಬರ್ಕೊ ಗುರುಪಾದಪ್ಪ!' ಎಂದು ಹುಲಿಗೆವ್ವ ಹಾರ್ನಿನಲ್ಲಿ ಕೂಗಿದಳು. 'ಎಲ್ಲಾ ಕೈ ಎದ್ದಾವು!'

ಬಯಲು ನಕ್ಕ ನಗೆ ಹತ್ತು ಹೆಜ್ಜೆಗೆ ಬೀಳಬೇಕಿತ್ತು. ಅಷ್ಟು ಜನ ಒಬ್ಬರಿಗೊಬ್ಬರು ತಾಗಿ ನಿಂತಿದ್ದರಿಂದ ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತ ಕಟ್ಟೆಯವರೆಗೂ ಹೋಯಿತು. ಗುರುಪಾದಪ್ಪ ತಲೆಬಗ್ಗಿಸಿ ಬರೆದ. ಮೂವತ್ತೈದು ವರ್ಷದಲ್ಲಿ ಹೆಂಗಸಿನ ಹೆಸರಿನ ಮುಂದೆ ಆ ಶಬ್ದ ಬರೆದಿರಲಿಲ್ಲ; ಕಾಗುಣಿತ ಸರಿಯಾಗಿದೆಯೋ ಎಂದು ಎರಡು ಸಲ ನೋಡಿಕೊಂಡ. ಕೇಳಿಸಿತು. ಉತ್ತರ ಕೊಡದೆ ಠರಾವು ಮುಂದೆ ಹೋಗುವಂತಿರಲಿಲ್ಲ, ಕೊಡಲು ಅವರ ಹತ್ತಿರ ಉತ್ತರ ಇರಲಿಲ್ಲ. ಒಣಗಿಸುವ ಬಯಲು ಇವತ್ತಿಗೂ ಇದೆ. ಅತ್ತ ಹಾಯ್ದರೆ ನೀಲಿ, ಅರಿಸಿನ, ಮಂಜಿಷ್ಠೆಯ ನೂಲು ಗಾಳಿಗೆ ತೂಗುವುದು ಕಾಣುತ್ತದೆ.

ಜನ ಚದುರತೊಡಗಿದರು. ನಾನು ಮೈಕಿನ ತಂತಿ ಸುತ್ತಲು ಹೋದೆ. ಕಾಶವ್ವ ನನ್ನ ಕೈ ತಡೆದಳು.

'ತಡಿ. ದೊಡ್ಡಪ್ಪ ಇನ್ನೂ ಬಿಸಿ ಅದಾನ. ನಿಮ್ಮವ್ವ ಅವತ್ತ ಏನ ಹೇಳಿದ್ಲು, ನೆನಪೈತೇನು?'

'ನಳ ಬಂದು ಹನ್ನೊಂದ ವರ್ಷ ಆತು, ಕಾಶವ್ವ.'

'ನಾ ನಳದ ಮಾತ ಕೇಳಲಿಲ್ಲ.'

ಕಲ್ಲು ಹತ್ತಿದೆ. ಎಂಟು ದಿನ ಬಣ್ಣದ ಕೊಪ್ಪರಿಗೆಯ ಹಬೆಯಲ್ಲಿ ಕೇಳಿದ ವಾಕ್ಯ, ಅವಳು ಎಳೆದ ಕಡೆ ಎಳೆದು, ತಡೆದ ಕಡೆ ತಡೆದು ಹೇಳಿದೆ. 'ನಮ್ಮ ಓಣಿಯವ್ರಿಗೂ ನೀರಡಿಕಿ ಆಗತೈತ್ರಿ.'

ದನಿ ಅರುವತ್ತು ಹೆಜ್ಜೆ ನಡೆದು ಖಾಲಿ ಕಟ್ಟೆಗೆ ಮುಟ್ಟಿತು. ಮನೆಗೆ ಹೊರಟಿದ್ದವರು ಇದ್ದಲ್ಲೇ ನಿಂತರು, ತಿರುಗಿದರು. ಯಾರ ಮಾತೆಂದು ಹಳಬರಿಗೆ ಗೊತ್ತಾಯಿತು. ಕಟ್ಟೆಯ ಮೇಲೆ ದಫ್ತರ ಕಟ್ಟುತ್ತಿದ್ದ ಗುರುಪಾದಪ್ಪ ಒಬ್ಬನೇ ಉಳಿದಿದ್ದ. ಅವನು ದಫ್ತರವನ್ನು ಕೆಳಗಿಟ್ಟು 'ಕೇಳಿಸಲಿಲ್ಲ' ಎಂದು ಬರೆದ ಕೈಯನ್ನೇ ಎತ್ತಿದ.